ನೀರಿನ ನೆಚ್ಚಿಕೆ: ಕುಡಿಯುವ ನೀರಿನ ಮೇಲಿನ ಹವಾಮಾನ ಅಪಾಯವನ್ನು ಕರ್ನಾಟಕದ ಮನೆಗಳು ಅರಿಯುವ ಬಗೆ

ಹವಾಮಾನ ಬದಲಾವಣೆಯ ಚರ್ಚೆ ಸಾಮಾನ್ಯವಾಗಿ ತಾಪಮಾನದ ಏರಿಕೆ, ಮಳೆಯ ಪ್ರಮಾಣ, ಜಲಾಶಯದ ಮಟ್ಟ ಮುಂತಾದ ಅಂಕಿಗಳ ಸುತ್ತ ನಡೆಯುತ್ತದೆ. ಆದರೆ ಆ ಬದಲಾವಣೆ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದು ಬಹುಮಟ್ಟಿಗೆ ನೀರಿನ ದಾರಿಯಿಂದ. ನಲ್ಲಿ ಬರಬೇಕಾದ ದಿನ ಬಾರದೆ ಹೋಗುವುದು, ಕೊಳವೆಬಾವಿಯ ನೀರು ವರ್ಷದಿಂದ ವರ್ಷಕ್ಕೆ ಸವಳಾಗುವುದು, ನೆರೆ ಇಳಿದ ಮೇಲೆ ಬಾವಿಯ ನೀರನ್ನು ನೋಡಿ ಕುಡಿಯಲು ಅಳುಕುವುದು, ಇವೇ ಮನೆಯವರ ಪಾಲಿಗೆ ಹವಾಮಾನದ ಸುದ್ದಿ. ಈ ಅಪಾಯವನ್ನು ಮನೆಗಳು ಹೇಗೆ ಅನುಭವಿಸುತ್ತವೆ, ಹೇಗೆ ಅರ್ಥ ಮಾಡಿಕೊಳ್ಳುತ್ತವೆ, ಅರ್ಥ ಮಾಡಿಕೊಂಡದ್ದಕ್ಕೆ ತಕ್ಕಂತೆ ಏನು ಮಾಡುತ್ತವೆ ಎಂಬ ಮೂರು ಪ್ರಶ್ನೆಗಳನ್ನು ಕರ್ನಾಟಕದ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಐಪಿಸಿಸಿ ಎಂದು ಹೆಸರಾದ, ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯು 2014ರ ವರದಿಯಲ್ಲಿ ಅಪಾಯವನ್ನು ಮೂರು ಅಂಶಗಳು ಕೂಡಿದಾಗ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಬರ, ನೆರೆಯಂಥ ಆಘಾತ ಮೊದಲನೆಯದು. ಜನ ಮತ್ತು ಅವರ ಆಸ್ತಿ ಆ ಆಘಾತದ ದಾರಿಯಲ್ಲಿರುವುದು, ಅಂದರೆ ಒಡ್ಡಿಕೆ, ಎರಡನೆಯದು. ಆಘಾತವನ್ನು ತಾಳಿಕೊಳ್ಳುವ ಶಕ್ತಿ ಇಲ್ಲದಿರುವ ದುರ್ಬಲತೆ ಮೂರನೆಯದು. ಒಂದೇ ಊರಿನ ಮೇಲೆ ಒಂದೇ ಮುಂಗಾರು ಕೈಕೊಟ್ಟರೂ ಸ್ವಂತ ಕೊಳವೆಬಾವಿ ಮತ್ತು ಸಂಪು ಇರುವ ಮನೆಗೆ ಅದು ಖರ್ಚಿನ ವಿಷಯವಾಗಿ, ಪೈಪ್‌ಲೈನಿನ ಕೊನೆಯಲ್ಲಿರುವ ಕೇರಿಯ ಮನೆಗೆ ಕೂಲಿ ತಪ್ಪಿಸಿಕೊಂಡು ನೀರು ಕಾಯುವ ವಿಷಯವಾಗಿ ಒದಗುವುದು ಈ ಕಾರಣದಿಂದಲೇ. ಆದ್ದರಿಂದ ಆಘಾತವನ್ನಷ್ಟೇ ಅಳೆಯುವ ಮಳೆಮಾಪಕ ಮನೆಯ ಅಪಾಯವನ್ನು ಅಳೆಯಲಾರದು.

ಆಘಾತದ ನಾಲ್ಕು ಮುಖಗಳು

ಕರ್ನಾಟಕದಲ್ಲಿ ಈ ಆಘಾತ ಎಲ್ಲೆಡೆ ಒಂದೇ ರೂಪದಲ್ಲಿ ಬರುವುದಿಲ್ಲ. ಬಯಲುಸೀಮೆಗೆ ಅದು ಬರವಾಗಿ ಬರುತ್ತದೆ. 2001ರಿಂದ ಮೂರು ವರ್ಷ ಎಡೆಬಿಡದೆ, ಮತ್ತೆ 2011 ಮತ್ತು 2012ರಲ್ಲಿ, 2015 ಮತ್ತು 2016ರಲ್ಲಿ, 2018ರಲ್ಲಿ ರಾಜ್ಯ ಬರ ಕಂಡಿತು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಬಯಲುಸೀಮೆಯ ನೆಲದಡಿ ಬಹುಮಟ್ಟಿಗೆ ಇರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಇಂಥ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಶಿಥಿಲ ಪದರದ ನೀರು ಮುಗಿದಾಗ ಸೇದುವ ಬಾವಿಗಳು ಬತ್ತಿದವು. ಬಿರುಕಿನ ನೀರನ್ನು ಹುಡುಕುತ್ತ ಕೊಳವೆಬಾವಿಗಳು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿಯನ್ನೂ ದಾಟಿದವು.

ಆಳಕ್ಕೆ ಇಳಿದಷ್ಟೂ ಕೊರತೆಯ ಜತೆಗೆ ಗುಣದ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಶಿಲೆಯೊಡನೆ ಬಹುಕಾಲ ಸಂಪರ್ಕದಲ್ಲಿದ್ದ ನೀರಿಗೆ ಅದರಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಮೊದಲಾದ ಕಡೆ ಈ ಮಿತಿ ಮೀರಿದ ಮೂಲಗಳು ಬಹಳವಿವೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುವುದು, ದೊಡ್ಡವರಲ್ಲಿ ಕೀಲು ಬಿಗಿದು ಬೆನ್ನು ಬಾಗುವುದು ಫ್ಲೋರೈಡ್ ಅತಿಯಾದಾಗ ಬರುವ ಫ್ಲೋರೋಸಿಸ್ ರೋಗದ ಗುರುತುಗಳು. ಬರಕ್ಕೂ ಬಾಗಿದ ಬೆನ್ನಿಗೂ ನಡುವೆ ಹತ್ತಾರು ವರ್ಷಗಳ ಅಂತರ ಇರುವುದರಿಂದ ಇವೆರಡರ ನಂಟು ಮನೆಯವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಎರಡನೆಯ ಮುಖ ನೆರೆ. 2009ರಲ್ಲಿ ಉತ್ತರ ಕರ್ನಾಟಕ, 2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳು ಸೇರಿ 22 ಜಿಲ್ಲೆಗಳು ಅತಿವೃಷ್ಟಿಯ ಹೊಡೆತ ತಿಂದವು. ಸುತ್ತ ನೀರೇ ಇದ್ದರೂ ಕುಡಿಯಲು ಇಲ್ಲವೆಂಬ ಸ್ಥಿತಿಯ ಹಿಂದೆ ಸರಳ ಕಾರಣಗಳಿವೆ: ನದಿದಡದಲ್ಲಿ ನೀರೆತ್ತುವ ಬಾವಿಯಾದ ಜಾಕ್‌ವೆಲ್ ಮುಳುಗುತ್ತದೆ, ಕರೆಂಟು ಹೋಗಿ ಪಂಪು ನಿಲ್ಲುತ್ತದೆ, ಬಾವಿಗೆ ಚರಂಡಿಯ ನೀರು ನುಗ್ಗುತ್ತದೆ, ಶುದ್ಧೀಕರಣ ಘಟಕಕ್ಕೆ ಸಾಮರ್ಥ್ಯ ಮೀರಿ ಕೆಸರು ಬರುತ್ತದೆ. ಬರ ನಿಧಾನವಾಗಿ ಬಂದು ಬಹುಕಾಲ ಉಳಿಯುವ ಅಪಾಯವಾದರೆ, ನೆರೆ ಒಂದೇ ರಾತ್ರಿಯಲ್ಲಿ ಮೂಲವನ್ನೇ ಕೆಡಿಸಿ ಹೋಗುವ ಅಪಾಯ.

ಮೂರನೆಯದು ಕರಾವಳಿ ಮತ್ತು ಮಲೆನಾಡಿನ ವಿಚಿತ್ರ ಸಂಕಟ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಿಗೆ ಬಾವಿಗಳು ತಳ ಕಾಣುತ್ತವೆ. ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಮುರಕಲ್ಲಿನ ನೆಲ ನೀರನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ. 2019ರ ಬೇಸಿಗೆಯಲ್ಲಿ ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟೆಯ ನೀರು ತಗ್ಗಿ ಮಂಗಳೂರು ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ನದಿಯ ಹರಿವು ಕುಗ್ಗಿದಾಗ ಭರತದ ಸಮಯದಲ್ಲಿ ಸಮುದ್ರದ ಉಪ್ಪುನೀರು ಅಳಿವೆಯಿಂದ ಮೇಲಕ್ಕೆ ಸರಿದು ದಡದ ಬಾವಿಗಳನ್ನು ಕೆಡಿಸುತ್ತದೆ. ಸಮುದ್ರಮಟ್ಟ ಏರಿದಂತೆಲ್ಲ ಈ ಒತ್ತಡ ಹೆಚ್ಚುವಂಥದು.

ನಾಲ್ಕನೆಯದು ಮಹಾನಗರ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಆ ಕೊಳವೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ತರುತ್ತಿತ್ತು. ಉಳಿದ ಬೇಡಿಕೆಯ ಭಾರ ನೆಲದಡಿಯ ನೀರಿನ ಮೇಲಿತ್ತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಆಗ ತಿಳಿಸಿತು. ಕಾವೇರಿ ನೀರು ಸರಬರಾಜು ಯೋಜನೆಯ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಭರವಸೆ ದೊರೆಯಿತು. ಆದರೆ ಐದೂ ಹಂತಗಳು ನೆಚ್ಚಿರುವುದು ಒಂದೇ ನದಿಯನ್ನು, ಆ ನದಿ ಬಹುಮಟ್ಟಿಗೆ ನೆಚ್ಚಿರುವುದು ಒಂದೇ ಮುಂಗಾರನ್ನು.

ಮನೆಯೊಳಗಿನ ಅನುಭವ

ಇಷ್ಟು ಬಗೆಯ ಆಘಾತಗಳು ಮನೆಯೊಳಗೆ ಬಂದಾಗ ಪಡೆಯುವ ರೂಪಗಳು ಮಾತ್ರ ಕೆಲವೇ. ಅವುಗಳಲ್ಲಿ ಮುಖ್ಯವಾದುದು ಕಾಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ ನಡೆಸುವ ಜಾಗತಿಕ ಸಮೀಕ್ಷೆಯ 2023ರ ವರದಿಯಂತೆ ಲೋಕದಲ್ಲಿ 180 ಕೋಟಿ ಜನ ಮನೆಯ ಆವರಣದಲ್ಲಿ ನೀರಿಲ್ಲದ ಕುಟುಂಬಗಳಲ್ಲಿ ಬದುಕುತ್ತಿದ್ದಾರೆ. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಹೊಣೆ ಹೆಂಗಸರು ಮತ್ತು ಹೆಣ್ಣುಮಕ್ಕಳದ್ದು. ಕರ್ನಾಟಕದ ಹಳ್ಳಿಗಳಲ್ಲಿ ನಲ್ಲಿ ಬಂದಿರುವ ಮನೆಯಲ್ಲೂ ಈ ಹೊಣೆ ಇಳಿದಿಲ್ಲ, ಅದರ ರೂಪ ಬದಲಾಗಿದೆ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಪಂಪು ಓಡಬೇಕು, ಪಂಪು ಓಡಿದ ಮೇಲೆ ಮೇಲ್ತೊಟ್ಟಿ ತುಂಬಬೇಕು, ತುಂಬಿದ ಮೇಲೆ ಪಂಚಾಯಿತಿಯ ವಾಟರ್‌ಮ್ಯಾನ್ ಬೀದಿಯಿಂದ ಬೀದಿಗೆ ವಾಲ್ವ್ ತಿರುಗಿಸಬೇಕು. ಈ ಸರಪಣಿಯ ಕೊನೆಯ ಕೊಂಡಿ ಮನೆಯಲ್ಲಿ ಕಿವಿಗೊಟ್ಟು ಕಾಯುವ ಹೆಂಗಸು. ಬೇಸಿಗೆಯಲ್ಲಿ ಕೊಳವೆಬಾವಿಯ ಇಳುವರಿ ತಗ್ಗಿದಾಗ ವಾಲ್ವಿನ ಸರದಿ ದಿನದಿಂದ ವಾರಕ್ಕೆ ಜಾರುತ್ತದೆ, ಕಾಯುವ ಹೊತ್ತು ರಾತ್ರಿಗೂ ಚಾಚುತ್ತದೆ.

ಎರಡನೆಯದು ಪಾತ್ರೆಗಳ ವಿಂಗಡಣೆ. ಬಯಲುಸೀಮೆಯ ಒಂದು ಅಡುಗೆಮನೆಯಲ್ಲಿ ನೀರಿನ ಪಾತ್ರೆಗಳ ಸಾಲನ್ನು ಗಮನಿಸಿದರೆ ಆ ಊರಿನ ಜಲಚರಿತ್ರೆಯೇ ಕಾಣುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ 20 ಲೀಟರಿನ ಕ್ಯಾನು ಒಂದು ಕಡೆ. ಅಡುಗೆಗೆ ನಲ್ಲಿ ಬಂದ ದಿನ ಹಿಡಿದಿಟ್ಟ ಬಿಂದಿಗೆಗಳು ಇನ್ನೊಂದು ಕಡೆ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಬೀದಿಯ ಸಿಸ್ಟರ್ನ್ ತೊಟ್ಟಿಯ ಸವಳು ನೀರು ಹಿತ್ತಲ ಡ್ರಮ್ಮಿನಲ್ಲಿ. ಮಳೆ ಬಂದರೆ ಸೂರಿನ ಕೆಳಗೆ ಒಂದು ಪಾತ್ರೆ ಇಡುವ ರೂಢಿಯೂ ಉಂಟು, ಏಕೆಂದರೆ ಮಳೆನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಗಡಸು ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಯಾವ ನೀರು ಯಾವ ಕೆಲಸಕ್ಕೆ ಎಂಬ ಈ ತೀರ್ಮಾನವನ್ನು ದಿನಕ್ಕೆ ಹತ್ತಾರು ಬಾರಿ, ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ, ಮನೆಯ ಹೆಂಗಸರು ಮಾಡುತ್ತಾರೆ. ಒಂದು ಮೂಲ ಕೈಕೊಟ್ಟಾಗ ಇಡೀ ವಿಂಗಡಣೆ ಕುಸಿದು, ತೊಳೆಯುವ ನೀರು ಅಡುಗೆಗೆ, ಅಡುಗೆಯ ನೀರು ಕುಡಿಯುವುದಕ್ಕೆ ಸರಿಯುತ್ತದೆ. ಬರಗಾಲದ ರೋಗಗಳಿಗೆ ದಾರಿ ತೆರೆಯುವುದು ಬಹಳ ಸಲ ಈ ಸದ್ದಿಲ್ಲದ ಸರಿಯುವಿಕೆಯಲ್ಲಿ.

ಮೂರನೆಯದು ಮನಸ್ಸಿನ ಭಾರ. ನೀರಿನ ಕೊರತೆ ತರುವ ಆತಂಕವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಆಂಬರ್ ವೂಟಿಚ್ ಮತ್ತು ಸಹಲೇಖಕರು ಬೊಲಿವಿಯಾದ ಕೊಚಬಾಂಬಾ ನಗರದ ಬಡವರ ಬಡಾವಣೆಯ ಬಗ್ಗೆ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕುಟುಂಬಗಳ ಸಂಕಟಕ್ಕೆ ನೀರಿನ ಪ್ರಮಾಣಕ್ಕಿಂತಲೂ ಅದನ್ನು ಪಡೆಯುವ ವ್ಯವಸ್ಥೆಯಿಂದ ಹೊರಗುಳಿಯುವುದು ಮತ್ತು ಹೆಣ್ಣಾಗಿರುವುದು ಹೆಚ್ಚು ನಿಕಟವಾಗಿ ಹೊಂದಿಕೊಂಡಿವೆ ಎಂದು ತೋರಿಸಿದರು. ಕರ್ನಾಟಕದ ಊರುಗಳನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ನಲ್ಲಿಯ ಸರದಿಯಲ್ಲಿ ಕೊಡ ಹಿಂದಕ್ಕೆ ಸರಿಸಲ್ಪಟ್ಟಾಗ, ಟ್ಯಾಂಕರ್ ತಮ್ಮ ಬೀದಿಗೆ ಬಾರದೆ ಮುಂದೆ ಹೋದಾಗ, ಪರಿಶಿಷ್ಟರ ಕೇರಿಗೆ ನೀರು ಎಲ್ಲರದೂ ಮುಗಿದ ಮೇಲೆ ಮುಟ್ಟಿದಾಗ ಆಗುವ ನೋವು ಲೀಟರ್ ಲೆಕ್ಕಕ್ಕೆ ಸಿಗುವಂಥದಲ್ಲ. ಬರ ಎಲ್ಲರಿಗೂ ಒಂದೇ ಎಂಬ ಮಾತನ್ನು ನೀರಿನ ಸಾಲು ಪ್ರತಿದಿನ ಸುಳ್ಳು ಮಾಡುತ್ತದೆ.

ಗ್ರಹಿಕೆ: ನಾಲಿಗೆ, ನೆನಪು, ನಂಬಿಕೆ

ಅನುಭವಿಸಿದ್ದನ್ನು ಮನೆಗಳು ಹೇಗೆ ಅರ್ಥ ಮಾಡಿಕೊಳ್ಳುತ್ತವೆ ಎಂಬುದು ಎರಡನೆಯ ಪ್ರಶ್ನೆ. ಅಪಾಯದ ಗ್ರಹಿಕೆ ಎಂದರೆ ಅಪಾಯದ ಬಗ್ಗೆ ಜನ ತಾಳುವ ಅಂದಾಜು. ಅದು ತಜ್ಞರ ಅಂದಾಜಿಗಿಂತ ಬೇರೆಯಾಗಿರಬಹುದು, ಬೇರೆಯಾದ ಮಾತ್ರಕ್ಕೆ ಅಜ್ಞಾನವಾಗಬೇಕಿಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನ ತಿಳಿಸುವಂತೆ, ತಜ್ಞರು ಅಪಾಯವನ್ನು ಬಹುಮಟ್ಟಿಗೆ ಸಾವಿನ ಲೆಕ್ಕದಲ್ಲಿ ಅಳೆದರೆ, ಸಾಮಾನ್ಯ ಜನ ಅದು ಎಷ್ಟು ಭೀಕರ, ಎಷ್ಟು ಅಪರಿಚಿತ, ತಮ್ಮ ಹಿಡಿತದಲ್ಲಿದೆಯೆ ಎಂಬ ಪ್ರಶ್ನೆಗಳನ್ನೂ ಸೇರಿಸಿಕೊಳ್ಳುತ್ತಾರೆ.

ಕುಡಿಯುವ ನೀರಿನ ವಿಷಯದಲ್ಲಿ ಮೊದಲ ನ್ಯಾಯಾಧೀಶ ನಾಲಿಗೆ. ರುಚಿ, ವಾಸನೆ, ಬಣ್ಣಗಳ ಮೇಲೆ ಜನ ನೀರಿನ ಸುರಕ್ಷತೆಯನ್ನು ನಿರ್ಧರಿಸುತ್ತಾರೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮರಳಿ ಮರಳಿ ಕಂಡ ಸಂಗತಿ. ಸವಳು, ಕೆಸರು, ತುಕ್ಕಿನ ಬಣ್ಣವನ್ನು ಗುರುತಿಸುವುದರಲ್ಲಿ ಈ ನ್ಯಾಯಾಧೀಶ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಫ್ಲೋರೈಡಿಗೆ ರುಚಿಯಿಲ್ಲ, ನೈಟ್ರೇಟಿಗೆ ಬಣ್ಣವಿಲ್ಲ, ಕಾಲರಾ ಕೀಟಾಣು ತಿಳಿನೀರಿನಲ್ಲೂ ಇರಬಲ್ಲದು. ಇದಕ್ಕೆ ತಿರುಗಾಮುರುಗಾಗಿ, ನೀರನ್ನು ಕಾಪಾಡುವ ಕ್ಲೋರಿನ್ನಿಗೆ ವಾಸನೆ ಇದೆ. ಆದ್ದರಿಂದ ಬ್ಲೀಚಿಂಗ್ ಪೌಡರ್ ವಾಸನೆಯ ನಲ್ಲಿನೀರನ್ನು ಬಿಟ್ಟು, ಸಿಹಿಯಾಗಿರುವ ಆದರೆ ಪರೀಕ್ಷೆಯಾಗದ ಬಾವಿಯ ನೀರನ್ನು ಆರಿಸಿಕೊಳ್ಳುವ ಮನೆಗಳು ಸಿಗುತ್ತವೆ. ಉಪ್ಪಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಬಹಳ ನಿಧಾನವಾಗಿ ಏರುವ ಉಪ್ಪಿಗೆ ನಾಲಿಗೆ ಒಗ್ಗಿಹೋಗುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಕುಡಿಯುವ ನೀರಿನ ಮೂಲಕ ಗರ್ಭಿಣಿಯರ ದೇಹಕ್ಕೆ ಅತಿಯಾಗಿ ಉಪ್ಪು ಸೇರುತ್ತಿದ್ದುದನ್ನು ಸಂಶೋಧಕರು 2011ರಲ್ಲಿ ವರದಿ ಮಾಡಿದ್ದು, ನಾಲಿಗೆಯೊಂದನ್ನೇ ನೆಚ್ಚುವ ಎಲ್ಲ ಕರಾವಳಿಗೂ ಎಚ್ಚರಿಕೆಯಾಗಬೇಕು.

ಎರಡನೆಯದು ನೆನಪು. ಸುಲಭವಾಗಿ ನೆನಪಿಗೆ ಬರುವ ಘಟನೆಯನ್ನು ಮನಸ್ಸು ಹೆಚ್ಚು ಸಂಭವನೀಯವೆಂದು ಬಗೆಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾನ್ಮನ್ 1970ರ ದಶಕದಲ್ಲಿ ತೋರಿಸಿಕೊಟ್ಟರು. ನೆರೆ ನೋಡಿದ ಮನೆ ನೆರೆಗೆ ಸಿದ್ಧವಾಗುತ್ತದೆ, ಬರವನ್ನು ಮರೆಯುತ್ತದೆ. ಎರಡು ವರ್ಷ ಕೆರೆ ಕೋಡಿ ಬಿದ್ದರೆ ಮೂರನೆಯ ವರ್ಷದ ಬರದ ಮಾತು ಗ್ರಾಮಸಭೆಯಲ್ಲಿ ಏಳುವುದಿಲ್ಲ. ಆದರೆ ಕನ್ನಡ ನಾಡಿನ ಕೃಷಿಕ ಮನೆಗಳಿಗೆ ವೈಯಕ್ತಿಕ ನೆನಪಿಗಿಂತ ದೀರ್ಘವಾದ ಇನ್ನೊಂದು ಅಳತೆಗೋಲೂ ಇದೆ. ಅದು ಅಶ್ವಿನಿ, ಭರಣಿಯಿಂದ ಸ್ವಾತಿ, ವಿಶಾಖದವರೆಗಿನ ಮಳೆನಕ್ಷತ್ರಗಳ ಪಟ್ಟಿ. ಒಂದೊಂದು ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ, ಅದರಲ್ಲಿ ಬರಬೇಕಾದ ಮಳೆಯ ಬಗೆ, ಮಾಡಬೇಕಾದ ಕೆಲಸ. ಮಳೆ ಹಿಂದಿನಂತಿಲ್ಲ ಎಂದು ಹಿರಿಯರು ಹೇಳುವಾಗ ವರ್ಷದ ಒಟ್ಟು ಮಿಲಿಮೀಟರಿನ ಲೆಕ್ಕ ಹೇಳುತ್ತಿರುವುದಿಲ್ಲ. ಆರಿದ್ರೆಯಲ್ಲಿ ಹದವಾಗಿ ಹಿಡಿಯಬೇಕಾದ ಮಳೆ ಹಿಡಿಯಲಿಲ್ಲ, ಬಂದದ್ದೆಲ್ಲ ಒಂದೇ ದಿನ ಸುರಿದು ಹರಿದುಹೋಯಿತು ಎಂಬ ಹಂಚಿಕೆಯ ವಿಷಯ ಹೇಳುತ್ತಿರುತ್ತಾರೆ. ಬಿಸಿಯೇರಿದ ವಾತಾವರಣ ಹೆಚ್ಚು ತೇವಾಂಶ ಹಿಡಿದಿಟ್ಟು ಒಮ್ಮೆಗೇ ಸುರಿಸಬಲ್ಲದು ಎಂಬ ವಿಜ್ಞಾನದ ಮಾತಿಗೆ ಈ ಗ್ರಹಿಕೆ ಹತ್ತಿರವಾಗಿಯೇ ಇದೆ. 1988ರಲ್ಲಿ ಬರ ನಿಗಾ ಕೋಶವಾಗಿ ಆರಂಭವಾಗಿ, ಮುಂದೆ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕಗಳನ್ನು ಒಯ್ದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆಯೊಂದಿಗೆ ಈ ನೆನಪನ್ನು ಜೋಡಿಸಿದರೆ ಎರಡೂ ಗಟ್ಟಿಯಾಗುತ್ತವೆ.

ಆದರೆ ಗ್ರಹಿಕೆ ದಾರಿ ತಪ್ಪುವ ಜಾಗವೂ ಒಂದಿದೆ. ಅದು ಕಾರಣದ ಆರೋಪ. ಬೆಂಗಳೂರಿಗೆ 1894ರಿಂದ ಹೆಸರಘಟ್ಟ, 1933ರಿಂದ ತಿಪ್ಪಗೊಂಡನಹಳ್ಳಿ ಜಲಾಶಯದ ಮೂಲಕ ನೀರುಣಿಸಿದ ಅರ್ಕಾವತಿ ನದಿ ಬತ್ತಿದ್ದು ಮಳೆ ಕಡಿಮೆಯಾದ್ದರಿಂದ ಎಂಬ ನಂಬಿಕೆ ವ್ಯಾಪಕವಾಗಿತ್ತು. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಬೇರೆ ಕಾರಣಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಿ, ಮಳೆಯಲ್ಲಿ ಅಂಥ ಇಳಿಕೆ ಇಲ್ಲವೆಂದೂ ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಮುಖ್ಯ ಕಾರಣಗಳೆಂದೂ ಕಂಡುಕೊಂಡಿತು. ಎಲ್ಲವನ್ನೂ ಮಳೆಯ ಮೇಲೆ, ಈಗಿನ ಮಾತಿನಲ್ಲಿ ಹವಾಮಾನ ಬದಲಾವಣೆಯ ಮೇಲೆ ಹೊರಿಸಿದರೆ ಮನುಷ್ಯರ ಕೈಯಲ್ಲಿರುವ ತಪ್ಪುಗಳು ಮರೆಯಾಗುತ್ತವೆ. ಎಲ್ಲವನ್ನೂ ಕೊಳವೆಬಾವಿಯ ಮೇಲೆ ಹೊರಿಸಿದರೂ ಮುಂಬರುವ ಮಳೆಯ ಅನಿಶ್ಚಿತತೆಗೆ ಸಿದ್ಧತೆ ಆಗುವುದಿಲ್ಲ. ಹವಾಮಾನ ಬದಲಾವಣೆ ಮೊದಲೇ ಬಿರುಕುಬಿಟ್ಟ ವ್ಯವಸ್ಥೆಯ ಮೇಲೆ ಬೀಳುವ ಭಾರ. ಬಿರುಕು ನಮ್ಮದು, ಭಾರ ಹೊಸದು.

ಮೂರನೆಯದು ನಂಬಿಕೆ. ನೀರು ಕೊಡುವವರನ್ನು ನಂಬುವ ಮನೆ ಅವರ ಎಚ್ಚರಿಕೆಯನ್ನೂ ನಂಬುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಸುದ್ದಿ ನಾಡಿನ ಎಲ್ಲ ನಲ್ಲಿಗಳ ಮೇಲಿನ ನಂಬಿಕೆಯನ್ನೂ ಅಲುಗಾಡಿಸಿತು. ದಿನವಿಡೀ ನೀರು ಹರಿಯದ ಕೊಳವೆಗಳಲ್ಲಿ ಒತ್ತಡ ಇಳಿದಾಗ ಸುತ್ತಲಿನ ಚರಂಡಿಯ ನೀರು ಬಿರುಕಿನಿಂದ ಒಳಗೆ ಸೇರಬಲ್ಲದು. ಕೊರತೆಯ ದಿನಗಳಲ್ಲಿ ಸರದಿ ಹಿಗ್ಗಿದಷ್ಟೂ ಈ ಅಪಾಯ ಹೆಚ್ಚುತ್ತದೆ. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿದ ಕೆ.ಸಿ. ವ್ಯಾಲಿ ಯೋಜನೆಯ ವಿಷಯದಲ್ಲೂ ನಂಬಿಕೆಯ ಪ್ರಶ್ನೆ ಎದ್ದಿತು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡು, ಕೊಳವೆಬಾವಿಗೆ ಜೀವ ಬಂತೆಂದು ಸಂತೋಷಪಟ್ಟ ಮನೆಗಳೂ, ನೆಲಕ್ಕಿಳಿದ ಆ ನೀರು ಮುಂದೆ ಕುಡಿಯುವ ನೀರಿಗೆ ಸೇರುತ್ತದಲ್ಲವೆ ಎಂದು ಅಂಜಿದ ಮನೆಗಳೂ ಒಂದೇ ಊರಿನಲ್ಲಿ ಇದ್ದವು. ಎರಡಕ್ಕೂ ಆಧಾರವಿದೆ, ಕಾಲಕಾಲಕ್ಕೆ ನೀರು ಪರೀಕ್ಷಿಸಿ ಫಲಿತಾಂಶವನ್ನು ಊರಿನ ಮುಂದಿಡುವುದೊಂದೇ ಇವೆರಡರ ನಡುವೆ ಸೇತುವೆ.

ಹೊಂದಾಣಿಕೆ ಮತ್ತು ಅದರ ಬೆಲೆ

ಗ್ರಹಿಕೆಗೆ ತಕ್ಕಂತೆ ಮನೆಗಳು ಕೈಗೊಳ್ಳುವ ಕ್ರಮಗಳಲ್ಲಿ ಮೊದಲನೆಯದು ಶೇಖರಣೆ. ಆದರೆ ವಾರಗಟ್ಟಲೆ ಮುಚ್ಚದೆ ಇಟ್ಟ ಡ್ರಮ್ಮಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ನೀರಿನ ಕೊರತೆಗೆ ಕಂಡುಕೊಂಡ ಪರಿಹಾರ ಜ್ವರವಾಗಿ ಮರಳುತ್ತದೆ. ಎರಡನೆಯದು ಕೊಳ್ಳುವುದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿನದಕ್ಕೆ 1,000 ರೂಪಾಯಿ ಎಂದು ದರ ನಿಗದಿ ಮಾಡಬೇಕಾಗಿ ಬಂದದ್ದೇ ಮಾರುಕಟ್ಟೆ ಎಷ್ಟು ಏರಿತ್ತೆಂಬುದಕ್ಕೆ ಸಾಕ್ಷಿ. ಟ್ಯಾಂಕರಿನ ನೀರು ಹಿಡಿಯಲು ಸಂಪು ಬೇಕು, ಸಂಪಿಗೆ ಸ್ವಂತ ಜಾಗ ಬೇಕು. ಬಾಡಿಗೆಯ ಒಂಟಿ ಕೋಣೆಯ ಕೂಲಿ ಕುಟುಂಬ ಕೊಡಗಳ ಲೆಕ್ಕದಲ್ಲಿ ಕೊಳ್ಳುವುದರಿಂದ ಲೀಟರಿಗೆ ಅತಿ ಹೆಚ್ಚು ಬೆಲೆ ತೆರುವುದು ಅದೇ.

ಮೂರನೆಯದು ಕೊಳವೆಬಾವಿ. ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ನೀರು ಬೀಳದಿದ್ದರೆ ಮತ್ತೊಂದು ಸಾಲ, ಮತ್ತೊಂದು ಬಾವಿ. ಒಂದು ಮನೆಯ ಆಳದ ಬಾವಿ ಪಕ್ಕದ ಮನೆಯ ಬಾವಿಯನ್ನು ಒಣಗಿಸುತ್ತದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದ ಸುತ್ತ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂಬ ಕಾನೂನು 1999ರಷ್ಟು ಹಿಂದೆಯೇ ಬಂದಿದೆ, ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯೂ ಇದೆ. ಪಾಲನೆಯಾಗದ ಕಾನೂನು ಬಾವಿಯ ಆಳವನ್ನು ತಡೆಯಲಾರದು. ಒಂದು ಅಪಾಯ ತಪ್ಪಿಸಿಕೊಳ್ಳಲು ಮಾಡಿದ್ದು ಇನ್ನೊಂದು ಅಪಾಯಕ್ಕೆ ಅಥವಾ ಇನ್ನೊಬ್ಬರ ಅಪಾಯಕ್ಕೆ ಕಾರಣವಾಗುವುದನ್ನು ವಿದ್ವಾಂಸರು ಅಪಹೊಂದಾಣಿಕೆ ಎನ್ನುತ್ತಾರೆ. ಅದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಹಳ್ಳಿಗಳ ಶುದ್ಧ ನೀರಿನ ಘಟಕಗಳು ಫ್ಲೋರೈಡ್ ಪ್ರದೇಶಕ್ಕೆ ದೊಡ್ಡ ಆಸರೆಯಾದವೆಂಬುದು ನಿಜ. ಆದರೆ ಅವು ಶುದ್ಧಗೊಳಿಸುವ ನೀರು ಅದೇ ಕೊಳವೆಬಾವಿಯದು, ಅದರಲ್ಲಿ ಗಣನೀಯ ಪಾಲು ತ್ಯಾಜ್ಯವಾಗಿ ಚರಂಡಿ ಸೇರುತ್ತದೆ, ಬಾವಿ ಬತ್ತಿದ ದಿನ ಘಟಕವೂ ನಿಲ್ಲುತ್ತದೆ.

ಇದಕ್ಕೆ ಎದುರಾಗಿ, ಅಪಾಯವನ್ನು ಪಕ್ಕದ ಮನೆಗೆ ದಾಟಿಸದ ಹೊಂದಾಣಿಕೆಗಳೂ ನಾಡಿನಲ್ಲಿ ಇವೆ. 36,000ಕ್ಕೂ ಹೆಚ್ಚು ಕೆರೆಗಳು, ಕೆರೆಯ ನೀರು ಹಂಚುತ್ತಿದ್ದ ನೀರಗಂಟಿಗಳು, ಶಿರಾ, ಮಧುಗಿರಿ, ಪಾವಗಡದ ತಲಪರಿಗೆ ಎಂಬ ಒರತೆಗಳು, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡ ಕೊರೆದ ಸುರಂಗಗಳು, ಮಳೆನೀರು ನಿಲ್ಲಿಸುವ ಮದಕಗಳು, ಹೊಳೆಗೆ ಅಡ್ಡಲಾಗಿ ಮಳೆಗಾಲ ಮುಗಿದ ಮೇಲೆ ಹಾಕುವ ಕಟ್ಟಗಳು, ಇವೆಲ್ಲ ಮಳೆ ಒಂದೇ ಸಮ ಬರುವುದಿಲ್ಲವೆಂದು ತಿಳಿದೇ ಕಟ್ಟಿದ ವ್ಯವಸ್ಥೆಗಳು. ಮನೆಯ ಮಟ್ಟದಲ್ಲಿ ಚಾವಣಿ ನೀರಿನ ಲೆಕ್ಕ ಇನ್ನೂ ಸರಳ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯ ಊರಿನಲ್ಲಿ 50 ಚದರ ಮೀಟರಿನ ಸಣ್ಣ ಚಾವಣಿಗೆ 35,000 ಲೀಟರ್ ಬೀಳುತ್ತದೆ, ಸೋರಿಕೆ ಕಳೆದು 28,000 ಲೀಟರ್ ಕೂಡಿಸಬಹುದು. ಐದು ಜನರ ಕುಟುಂಬ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಬಳಸಿದರೆ ವರ್ಷಕ್ಕೆ ಬೇಕಾಗುವುದು 11,000 ಲೀಟರಿಗಿಂತ ಕಡಿಮೆ. ಮಳೆ ಅರ್ಧಕ್ಕಿಳಿದ ವರ್ಷದಲ್ಲೂ ಈ ಲೆಕ್ಕ ಕೈಬಿಡುವುದಿಲ್ಲ, ನೀರಿಗೆ ಫ್ಲೋರೈಡ್ ಅಂಟಿರುವುದಿಲ್ಲ. ತೊಟ್ಟಿ ಕಟ್ಟುವ ಖರ್ಚು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಶಿಸ್ತು, ಕಾಲಕಾಲಕ್ಕೆ ಶುಚಿಗೊಳಿಸುವ ಶ್ರಮ, ಇವು ಬಡ ಮನೆಗೆ ಒಂಟಿಯಾಗಿ ಹೊರಲಾಗದ ಭಾರ. ಸಾರ್ವಜನಿಕ ಹಣ ಸೇರಬೇಕಾದ ಜಾಗ ಇದೇ.

ಅಳತೆಯ ಪ್ರಶ್ನೆ

ನೀತಿ ರೂಪಿಸುವವರ ಅಳತೆ ಈ ಅನುಭವವನ್ನು ಎಷ್ಟರಮಟ್ಟಿಗೆ ಹಿಡಿಯುತ್ತದೆ ಎಂಬುದು ಈ ಮೂರು ಪ್ರಶ್ನೆಗಳ ಬೆನ್ನಿಗೆ ಏಳುವ ಇನ್ನೊಂದು ಪ್ರಶ್ನೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಹೊಂದಿದೆ. ಕರ್ನಾಟಕದಲ್ಲಿ ಅದು ಮನೆ ಮನೆಗೆ ಗಂಗೆ ಎಂಬ ಹೆಸರು ಪಡೆದಿದೆ. ಆರಂಭವಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ಶೇಕಡ 17ರಷ್ಟಕ್ಕೆ ಮಾತ್ರ ನಲ್ಲಿ ಇದ್ದುದನ್ನು ನೆನೆದರೆ ಸಾಧನೆ ದೊಡ್ಡದು. ಆದರೆ ನಲ್ಲಿ ಎಂಬುದು ಕೊಳವೆಯ ತುದಿ, ಮೂಲವಲ್ಲ. 2018ರಲ್ಲಿ ನೀರು ಮುಗಿಯುವ ಅಂಚಿಗೆ ಬಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ತುರ್ತು ಕ್ರಮವಾಗಿ ತಲೆಗೆ ವಿಧಿಸಿದ ಮಿತಿ 50 ಲೀಟರ್. ಆ ನಗರದ ಕಷ್ಟಕಾಲದ ಮಿತಿ ಇಲ್ಲಿನ ಹಳ್ಳಿಯ ಸುಭಿಕ್ಷದ ಗುರಿಗೆ ಹೆಚ್ಚುಕಡಿಮೆ ಸಮ. ಇಷ್ಟು ತೆಳುವಾದ ಪ್ರಮಾಣದಲ್ಲಿ ಬರದ ವರ್ಷಕ್ಕೆಂದು ಕಡಿಮೆ ಮಾಡಲು ಏನೂ ಉಳಿದಿರುವುದಿಲ್ಲ.

ಮನೆಯ ಅನುಭವವನ್ನೇ ಅಳೆಯುವ ಮಾಪಕವೊಂದು 2019ರಲ್ಲಿ ಪ್ರಕಟವಾಗಿದೆ. ಹಲವು ದೇಶಗಳ ಸಂಶೋಧಕರು ಸೇರಿ ರೂಪಿಸಿದ ಈ ಮನೆವಾರು ನೀರಿನ ಅಭದ್ರತೆಯ ಮಾಪಕದಲ್ಲಿ 12 ಪ್ರಶ್ನೆಗಳಿವೆ: ಕಳೆದ ನಾಲ್ಕು ವಾರಗಳಲ್ಲಿ ನೀರಿಲ್ಲದೆ ಆತಂಕವಾಯಿತೆ, ಬಟ್ಟೆ ಒಗೆಯಲಾಗಲಿಲ್ಲವೆ, ಕೈ ತೊಳೆಯಲಾಗಲಿಲ್ಲವೆ, ಅಡುಗೆ ಬದಲಿಸಬೇಕಾಯಿತೆ, ಬಾಯಾರಿ ಮಲಗಬೇಕಾಯಿತೆ, ನೀರಿನಿಂದಾಗಿ ನಾಚಿಕೆ ಅನುಭವಿಸಬೇಕಾಯಿತೆ ಮುಂತಾಗಿ. ಉತ್ತರಗಳ ಮೊತ್ತ 0ಯಿಂದ 36ರವರೆಗೆ ಹೋಗುತ್ತದೆ. 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಮನೆಯನ್ನು ನೀರಿನ ಅಭದ್ರತೆಯಲ್ಲಿದೆ ಎಂದು ಪರಿಗಣಿಸಲಾಗುತ್ತದೆ. ನಾಚಿಕೆಯಂಥ ಪದ ಸರ್ಕಾರಿ ನಮೂನೆಯಲ್ಲಿ ಕಾಣದಿದ್ದರೂ, ನೆಂಟರು ಬಂದಾಗ ಲೋಟ ತುಂಬ ನೀರು ಕೊಡಲಾಗದ ಮನೆಗೆ ಅದು ನಿಜವಾದ ಅಳತೆ. ನಾಲ್ಕು ವಾರಗಳ ನೆನಪನ್ನು ಕೇಳುವ ಈ ಮಾಪಕವನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಮರಳಿ ಬಳಸಿದರೆ ಮಾತ್ರ ಋತುಮಾನದ ಏರಿಳಿತ ತಿಳಿಯುತ್ತದೆ. ಒಮ್ಮೆ ಎಣಿಸಿ ಮುಗಿಸಿದ ನಲ್ಲಿಯ ಲೆಕ್ಕದಿಂದ ಅದು ಎಂದಿಗೂ ತಿಳಿಯದು.

ಒಟ್ಟು ಚಿತ್ರ ಇಷ್ಟು. ಮನೆಗಳು ಹವಾಮಾನದ ಅಪಾಯವನ್ನು ಅರಿಯುವುದು ಹವಾಮಾನ ಎಂಬ ಹೆಸರಿನಿಂದಲ್ಲ, ನೆಚ್ಚಿಕೆ ತಪ್ಪಿದ ನೀರಿನ ಹೆಸರಿನಿಂದ. ಕಣ್ಣಿಗೆ, ನಾಲಿಗೆಗೆ ಸಿಗುವ ಅಪಾಯವನ್ನು ಅವು ತಜ್ಞರಿಗಿಂತ ಮೊದಲು ಹಿಡಿಯುತ್ತವೆ. ಸಿಗದ ಅಪಾಯಕ್ಕೆ ತಜ್ಞರ ನೆರವು ಅವಕ್ಕೆ ಬೇಕೇ ಬೇಕು. ಈ ಎರಡು ತಿಳಿವಳಿಕೆಗಳು ಸೇರುವ ಸ್ಥಳ ದೂರದಲ್ಲಿಲ್ಲ, ಪ್ರತಿ ಊರಿನ ಗ್ರಾಮಸಭೆ ಅದು. ನೀರು ಯಾವ ದಿನ ಬಂತು, ಎಷ್ಟು ಬಂತು, ಪರೀಕ್ಷೆಯಲ್ಲಿ ಏನು ಕಂಡಿತು, ಯಾವ ಬೀದಿಗೆ ಮುಟ್ಟಲಿಲ್ಲ ಎಂಬ ನಾಲ್ಕು ಸಂಗತಿಗಳನ್ನು ಪ್ರತಿ ಪಂಚಾಯಿತಿ ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆಯಲಿ, ಆ ಬರಹದ ಮುಂದೆ ಮೊದಲ ಮಾತು ಕೊಡ ಹೊತ್ತವರದಾಗಿರಲಿ. ನಲ್ಲಿಗಳನ್ನು ಎಣಿಸಿದ್ದಾಯಿತು, ಮುಂದಿನ ಬರ ಬರುವ ಮೊದಲು ನೆಚ್ಚಿಕೆಯನ್ನು ಎಣಿಸಲು ತೊಡಗಬೇಕು.